ಪೆನ್ ಟ್ಯಾಬ್ಲೆಟ್ಟೋ, ಪೆನ್ ಡಿಸ್‌ಪ್ಲೇಯೋ?

ಕಂಪ್ಯೂಟರ್‌ನಲ್ಲಿ ಪೆನ್ನಿನಿಂದ ಚಿತ್ರ ಬರೆಯಲು ಈ ಎರಡು ಬಗೆಯ ಸಾಧನಗಳಿವೆ. ಪರದೆ ಇಲ್ಲದ ಹಲಗೆಯಂಥ ಪೆನ್ ಟ್ಯಾಬ್ಲೆಟ್‌ನಲ್ಲಿ ಕೈ ಮೇಜಿನ ಮೇಲೆ, ಕಣ್ಣು ಮಾನಿಟರ್ ಮೇಲೆ. ಮೊದಮೊದಲು ಗೆರೆ ಎಲ್ಲೆಲ್ಲೋ ಹೋಗುತ್ತದೆ. ರೂಢಿಯಾದರೆ ಕುತ್ತಿಗೆ ಬಗ್ಗಿಸದೆ ಗಂಟೆಗಟ್ಟಲೆ ಕೆಲಸ ಮಾಡಬಹುದು. ಫೋಟೊ ತಿದ್ದುವವರಿಗೆ, ಲೋಗೊ ಮಾಡುವವರಿಗೆ ಇದೇ ಧಾರಾಳವಾಗಿ ಸಾಕು.

ಪೆನ್ ಡಿಸ್‌ಪ್ಲೇ ಎಂದರೆ ನೇರವಾಗಿ ಪರದೆಯ ಮೇಲೇ ಬರೆಯುವ ಸಾಧನ; ಇದರಲ್ಲಿ ಗೆರೆ ಪೆನ್ನಿನ ತುದಿಯಲ್ಲೇ ಮೂಡುತ್ತದೆ. ಚಿತ್ರ ಬರೆಯುವವರಿಗೆ, ಅದರಲ್ಲೂ ಕಣ್ಣು, ತುಟಿಯ ಸೂಕ್ಷ್ಮ ತಿರುವುಗಳನ್ನು ಎಳೆಯುವಾಗ, ಆ ಸುಖವೇ ಬೇರೆ. ಬೆಲೆ ಮಾತ್ರ ಹೆಚ್ಚು. ಕೊಳ್ಳುವ ಮುನ್ನ ಪರದೆಯ ಅಂಚಿನಲ್ಲೊಂದು ಗೆರೆ ಎಳೆದು ನೋಡಿ: ಗಾಜಿಗೂ ಪರದೆಗೂ ನಡುವೆ ಅಂತರವಿದ್ದರೆ ಗೆರೆ ಪೆನ್ನಿನ ತುದಿಯಿಂದ ತುಸು ಸರಿದಂತೆ ಕಾಣುತ್ತದೆ. ಲ್ಯಾಮಿನೇಟ್ ಮಾಡಿದ, ಅಂದರೆ ಗಾಜನ್ನು ಅಂತರವಿಲ್ಲದೆ ಅಂಟಿಸಿದ, ಪರದೆಯಲ್ಲಿ ಈ ತೊಂದರೆ ಕಡಿಮೆ.

ಪೆನ್ನನ್ನು ಎಷ್ಟು ಒತ್ತಿದಿರಿ ಎಂಬುದನ್ನು ಸಾಧನ ಗುರುತಿಸುವ ಒತ್ತಡದ ಮಟ್ಟಗಳು 4,096 ಇರಲಿ, 8,192 ಇರಲಿ, ತಲೆ ಕೆಡಿಸಿಕೊಳ್ಳಬೇಡಿ. ತಂತ್ರಾಂಶಕ್ಕೆ ತಿಂಗಳ ಚಂದಾ ಭಾರವೆನಿಸಿದರೆ ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶ ಉಚಿತ. ಟ್ಯಾಬ್ಲೆಟ್, ಡಿಸ್‌ಪ್ಲೇ ಎರಡರ ಜೊತೆಗೂ ಚೆನ್ನಾಗಿ ನಡೆಯುತ್ತದೆ.