ರಕ್ತನಾಳದ ಕೋಶಕ್ಕೆ ಯಾವುದು ವಾಸಿ: ಎಸ್‌ಐಆರ್‌ಎನ್‌ಎ ಅಥವಾ ಗ್ಯಾಪ್‌ಮರ್?

ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ನಮ್ಮ ಲ್ಯಾಬಿನಲ್ಲಿ ಹುವೆಕ್ ಬೆಳೆಸುತ್ತೇವೆ. ಇವು ಹೊಕ್ಕುಳಬಳ್ಳಿಯ ರಕ್ತನಾಳದ ಒಳಪದರದ ಕೋಶಗಳು. ತುಂಬಾ ನಾಜೂಕು. ಐದಾರು ಪ್ಯಾಸೇಜ್ (ಹೊಸ ತಟ್ಟೆಗೆ ವರ್ಗಾವಣೆ) ದಾಟಿದರೆ ನಾನು ಇವನ್ನು ನಂಬುವುದಿಲ್ಲ. ಇವುಗಳಲ್ಲಿ ಒಂದು ಜೀನಿನ ಬಾಯಿ ಮುಚ್ಚಿಸಲು ಎರಡೂ ದಾರಿಗಳನ್ನು ಒಂದೇ ಪ್ಲೇಟಿನಲ್ಲಿ ಹಾಕಿ ನೋಡಿದ್ದೇನೆ.

ಎಸ್‌ಐಆರ್‌ಎನ್‌ಎ ಅಂದರೆ ಚಿಕ್ಕ ಆರ್‌ಎನ್‌ಎ ತುಣುಕು: ಎರಡು ಎಳೆ, ಸುಮಾರು 21 ಅಕ್ಷರ. ಕೋಶದ ಆರ್ಗೊನಾಟ್-2 ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು, ಜೀನಿನ ಸಂದೇಶ ಹೊತ್ತ ಎಂಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಉರಿಯೂತ ಎಬ್ಬಿಸುವ ಟಿಎನ್‌ಎಫ್ ಆಲ್ಫಾ ಕೊಟ್ಟು, ಬಿಳಿರಕ್ತಕಣಗಳು ಅಂಟಿಕೊಳ್ಳುವ ಐಕ್ಯಾಮ್-1 ಪ್ರೋಟೀನನ್ನು ಏರಿಸಿದಾಗ ಇದು ಚೆನ್ನಾಗಿ ಕೆಲಸ ಮಾಡಿತು. 10 ನ್ಯಾನೊಮೋಲಾರ್ ಸಾಕಾಯಿತು, ಮರುದಿನವೇ ಕ್ಯೂಪಿಸಿಆರ್‌ನಲ್ಲಿ (ಆರ್‌ಎನ್‌ಎ ಪ್ರಮಾಣ ಅಳೆಯುವ ಪರೀಕ್ಷೆ) ಇಳಿಕೆ ಕಂಡಿತು. ತೊಂದರೆ ಅದನ್ನು ಕೋಶದೊಳಗೆ ಒಯ್ಯುವ ಲಿಪಿಡ್‌ನದು (ಕೊಬ್ಬಿನ ಕಣ). ಅದಿಲ್ಲದೆ ಇದು ಒಳಗೆ ಹೋಗುವುದಿಲ್ಲ. ಕಲ್ಲು ಹಾಸಿದ ಅಂಗಳದಂತೆ ಒತ್ತಾಗಿ ಕೂತಿದ್ದ ಕೋಶಗಳು ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ದುಂಡಗಾಗಿ ಮೀಡಿಯಂನಲ್ಲಿ ತೇಲುತ್ತಿದ್ದವು. ಹೋಲಿಕೆಗೆ ಇಟ್ಟ ಕಂಟ್ರೋಲ್ ವೆಲ್‌ನಲ್ಲೂ (ಪ್ಲೇಟಿನ ಗುಳಿ) ಅದೇ ಕತೆ. ನಾವು ಅಳೆಯುತ್ತಿರುವುದೇ ಉರಿಯೂತ. ಕೋಶವೇ ನರಳುತ್ತಿದ್ದರೆ ಆ ಅಂಕಿಗೆ ಏನು ಬೆಲೆ?

ಗ್ಯಾಪ್‌ಮರ್ ಅಂದರೆ ಆಂಟಿಸೆನ್ಸ್, ಅಂದರೆ ಗುರಿಯ ಆರ್‌ಎನ್‌ಎಗೆ ಜೋಡಿಯಾಗಿ ಕೂರುವ ಒಂದೇ ಎಳೆ. ನಡುವೆ ಡಿಎನ್‌ಎ, ಎರಡೂ ತುದಿಗೆ ಗಟ್ಟಿಯಾಗಿ ಅಂಟುವಂತೆ ಮಾರ್ಪಡಿಸಿದ ಎಲ್‌ಎನ್‌ಎ. ಆರ್‌ಎನ್‌ಎಗೆ ಅಂಟಿಕೊಂಡರೆ ಸಾಕು, ಆರ್‌ಎನ್‌ಏಸ್ ಎಚ್1 ಎಂಬ ಕಿಣ್ವ ಬಂದು ಆ ಆರ್‌ಎನ್‌ಎಯನ್ನು ಕಡಿಯುತ್ತದೆ. 1978ರಲ್ಲಿ ಝಾಮೆಕ್ನಿಕ್ ಮತ್ತು ಸ್ಟೀಫನ್‌ಸನ್ ರೌಸ್ ಸಾರ್ಕೋಮಾ ವೈರಸ್ ಮೇಲೆ ಆಂಟಿಸೆನ್ಸ್ ಪ್ರಯೋಗಿಸಿದಾಗ ಈ ತುದಿಗಳೆಲ್ಲ ಇರಲಿಲ್ಲ. ಇದನ್ನು ಲಿಪಿಡ್ ಇಲ್ಲದೆ ಸುಮ್ನೆ ಮೀಡಿಯಂಗೆ ಬೆರೆಸಬಹುದು. ಕೋಶಗಳು ತಾವಾಗಿಯೇ ಒಳಗೆಳೆದುಕೊಳ್ಳುತ್ತವೆ, ಆಕಾರವೂ ಕೆಡುವುದಿಲ್ಲ. ಆದರೆ ಕೆಲವು ದಿನ ಕಾಯಬೇಕು. ಡೋಸ್ ಮೈಕ್ರೊಮೋಲಾರ್‌ಗೆ ಏರುತ್ತದೆ, ಅಂದರೆ ಸುಮಾರು 100 ಪಟ್ಟು ಜಾಸ್ತಿ. ಸಣ್ಣ ಗ್ರಾಂಟ್ ಇರುವವರಿಗೆ ಇದು ನಿಜವಾದ ಹೊರೆ.

ಪ್ರೋಟೀನ್ ಮಾಡದ ಮಲಾಟ್1 ಎಂಬ ಉದ್ದ ಆರ್‌ಎನ್‌ಎ ವಿಷಯದಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ, ಗ್ಯಾಪ್‌ಮರ್ ಗೆದ್ದಿತು. ಈ ಆರ್‌ಎನ್‌ಎ ನ್ಯೂಕ್ಲಿಯಸ್ ಬಿಟ್ಟು ಹೊರಗೆ ಬರುವುದೇ ಅಪರೂಪ. ಎಸ್‌ಐಆರ್‌ಎನ್‌ಎ ಮುಖ್ಯವಾಗಿ ಸೈಟೊಪ್ಲಾಸಂನಲ್ಲಿ ಕೆಲಸ ಮಾಡುತ್ತದೆ. ಆರ್‌ಎನ್‌ಏಸ್ ಎಚ್1 ನ್ಯೂಕ್ಲಿಯಸ್‌ನಲ್ಲೂ ಇರುತ್ತದೆ.

ಆದರೆ ಗ್ಯಾಪ್‌ಮರ್‌ನ ಸೀಕ್ವೆನ್ಸ್ ಹುಷಾರಾಗಿ ಆರಿಸಬೇಕು. ಸಾಲಾಗಿ ನಾಲ್ಕು ಜಿ ಅಕ್ಷರ ಬಂದರೆ ಆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಗುರಿಗೆ ಸಂಬಂಧವೇ ಇಲ್ಲದ ಪರಿಣಾಮ ತೋರಿಸಬಹುದು. ಸಿಜಿ ಜೋಡಿ ಇದ್ದರೆ ಕೆಲವು ಕೋಶಗಳಲ್ಲಿ ರೋಗಾಣುವಿನ ಡಿಎನ್‌ಎ ಗುರುತಿಸುವ ಟಿಎಲ್‌ಆರ್9 ಎಚ್ಚರವಾಗುತ್ತದೆ.

"ಅಕ್ಕಾರ, ಐಕ್ಯಾಮ್ ಇಳದೈತಲ್ರಿ, ಇನ್ನೊಂದು ಸೀಕ್ವೆನ್ಸ್ ಯಾಕ ಬೇಕ್ರಿ?" ಎಂದು ಬೆಳಗಾವಿಯಿಂದ ಬಂದ ಹುಡುಗ ಕೇಳಿದ. ಅದೇ ಜೀನಿನ ಬೇರೆ ಜಾಗಕ್ಕೆ ಕೂರುವ ಎರಡನೇ ಎಳೆಯೂ ಅದೇ ಫಲ ಕೊಡಬೇಕು, ಸ್ಕ್ರ್ಯಾಂಬಲ್ಡ್ (ಅಕ್ಷರಗಳನ್ನು ಕಲಸಿದ) ಎಳೆ ಕೊಡಬಾರದು ಎಂದೆ. ಎರಡನೆಯದಕ್ಕೂ ಆರ್ಡರ್ ಹಾಕಿದ್ದೇವೆ.