ಹಳೆ ಬಟ್ಟೆಯ ಕುಷನ್: ಜಡೆ, ಕ್ರೋಶಾ, ಗೋಣಿತಟ್ಟು ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೋಣಿತಟ್ಟಿಗೆ. ಚಿಂದಿ ಪಟ್ಟಿಗಳನ್ನು ಗೋಣಿಯ ತೂತುಗಳಿಂದ ಹುಕ್ಕಿನಲ್ಲಿ ಮೇಲೆಳೆದು, ಕುಣಿಕೆ ಕುಣಿಕೆಯಾಗಿ ತುಂಬಿಸುವ ಕೆಲಸ ಅದು. ಆದರೆ ಅಲ್ಲಿಗೆ ನಾನು ನೇರ ದಾರಿಯಲ್ಲಿ ಬರಲಿಲ್ಲ. ಮೊದಲು ಜಡೆ, ಆಮೇಲೆ ಕ್ರೋಶಾ, ಕೊನೆಗೆ ಗೋಣಿ. ಮೂರೂ 40 ಸೆಂ.ಮೀ. ಕುಷನ್ನಿಗೇ, ಮೂರಕ್ಕೂ ಬಟ್ಟೆ ಒಂದೇ ಗಂಟಿನದು: ಕೊರಳು ಸಡಿಲವಾದ ಟೀ ಶರ್ಟುಗಳು, ನಡುವೆ ಸವೆದ ಬೆಡ್‌ಶೀಟು, ಮಗಳಿಗೆ ಗಿಡ್ಡವಾದ ಲೆಗಿಂಗ್ಸು. ಹಾಗಾಗಿ ಹೋಲಿಕೆಯಲ್ಲಿ ಮೋಸ ಇಲ್ಲ, ಪಕ್ಷಪಾತ ಇದೆ.

ಜಡೆಯಿಂದ ಶುರು ಮಾಡಿದ್ದು ಅದಕ್ಕೆ ಏನೂ ಕೊಳ್ಳಬೇಕಿಲ್ಲ ಅಂತ. ಕತ್ತರಿ, ಸೂಜಿ, ಗಟ್ಟಿ ದಾರ ಇದ್ದರಾಯಿತು. ತಲೆ ಹೆಣೆಯಲು ಬಂದವರಿಗೆ ಇದೂ ಬರುತ್ತದೆ. ಮೂರು ಪಟ್ಟಿ ಸೇರಿಸಿ ಹೆಣೆದು, ಆ ಜಡೆಯನ್ನು ಸುರುಳಿ ಸುತ್ತುತ್ತಾ ಪಕ್ಕಪಕ್ಕಕ್ಕೆ ಹೊಲಿಯುತ್ತಾ ಹೋಗುವುದು. ಬೆಡ್‌ಶೀಟನ್ನು ಕತ್ತರಿಸಲೂ ಬೇಡ. ಅಂಚಿಗೆ ಒಂದು ಕಚ್ಚು ಹಾಕಿ ಎಳೆದರೆ ಎಳೆ ಹಿಡಿದು ನೇರವಾಗಿ ಹರಿಯುತ್ತದೆ, ಮೂಗಿಗೆ ನೂಲಿನ ಧೂಳು ಹೊಡೆಯುತ್ತದೆ ಅಷ್ಟೆ. ನನ್ನ ಜಡೆ 2.5 ಸೆಂ.ಮೀ. ಅಗಲ ಬಂತು. ಆ ಲೆಕ್ಕಕ್ಕೆ 40 ಸೆಂ.ಮೀ. ದುಂಡು ಕುಷನ್ನಿನ ಒಂದು ಮುಖಕ್ಕೆ ಸುಮಾರು 5 ಮೀಟರ್ ಜಡೆ ಬೇಕು. ಹೆಣೆಯುವಾಗ ಪಟ್ಟಿಯ ಉದ್ದದಲ್ಲಿ ಮೂರರಲ್ಲೊಂದು ಪಾಲು ನುಂಗಿಹೋಗುವುದರಿಂದ 7.5 ಮೀಟರಿನ ಪಟ್ಟಿ ಮೂರು. ಇಲ್ಲಿಯವರೆಗೆ ಸುಖ.

ಐದನೇ ಸುತ್ತಿಗೆ ಅಂಚು ಮೇಲೇಳತೊಡಗಿತು. ಸ್ವಲ್ಪ ತಾನೆ, ಇಸ್ತ್ರಿ ಹಾಕಿದರೆ ಕೂರುತ್ತದೆ ಅಂದುಕೊಂಡು ಮುಂದುವರಿಸಿದೆ. ಏಳನೇ ಸುತ್ತು ಮುಗಿದಾಗ ಕೈಯಲ್ಲಿದ್ದದ್ದು ಕುಷನ್ನಿನ ಮುಖ ಅಲ್ಲ, ಬೋಗುಣಿ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕಿದೆ. ಆರುವವರೆಗೆ ಸುಮ್ಮನಿದ್ದು ಮತ್ತೆ ಬೋಗುಣಿಯಾಯಿತು. ನೀರು ಚಿಮುಕಿಸಿ, ಮೇಲೆ ದಪ್ಪ ನಿಘಂಟುಗಳನ್ನು ಹೇರಿ ಎರಡು ದಿನ ಬಿಟ್ಟೆ. ನಿಘಂಟು ಎತ್ತಿದ ಮೇಲೆ ಅಂಚು ನಿಧಾನಕ್ಕೆ ಎದ್ದು ನಿಂತದ್ದನ್ನು ಕಣ್ಣಾರೆ ನೋಡಿದೆ.

ತಪ್ಪಿದ್ದು ಲೆಕ್ಕ, ಇಸ್ತ್ರಿ ಏನು ಮಾಡೀತು. ಪ್ರತಿ ಹೊರಸುತ್ತು ತನ್ನ ಒಳಸುತ್ತಿಗಿಂತ ಜಡೆಯ ಅಗಲದ ಸುಮಾರು ಆರೂಕಾಲು ಪಟ್ಟು ಉದ್ದ ಇರಬೇಕು. ನನ್ನ ಜಡೆಗೆ ಅದು ಹೆಚ್ಚುಕಡಿಮೆ 16 ಸೆಂ.ಮೀ. ಅಷ್ಟು ಉದ್ದ ಕೊಡದೆ ಹೊರಜಡೆಯನ್ನು ಬಿಗಿಯಾಗಿ ಎಳೆದರೆ ಅದು ಒಳಗಿನದನ್ನು ಸೊಂಟಪಟ್ಟಿಯಂತೆ ಹಿಂಡುತ್ತದೆ, ಬಟ್ಟೆ ಮೇಲಕ್ಕೇಳದೆ ಬೇರೆ ದಾರಿಯಿಲ್ಲ. ನಾನು ಒಳಜಡೆಯ ಒಂದು ಕಣ್ಣಿಗೆ (ಹೆಣಿಗೆಯ ಅಂಚಿನಲ್ಲಿ ಪಟ್ಟಿ ತಿರುಗುವ ಮಡಿಕೆಗೆ) ಹೊರಜಡೆಯ ಒಂದು ಕಣ್ಣು ಅಂತ ಶಿಸ್ತಾಗಿ ಹೊಲಿದಿದ್ದೆ. ಆ ಶಿಸ್ತೇ ಕೆಡಿಸಿತು. ಇನ್ನೊಂದು ಕಾರಣ ಹೊಳೆದದ್ದು ತೀರಾ ತಡವಾಗಿ: ಟಿ.ವಿ. ಮುಂದೆ ಕೂತು ಮಡಿಲಲ್ಲಿಟ್ಟುಕೊಂಡು ಹೊಲಿಯುತ್ತಿದ್ದೆ. ಮಡಿಲು ಚಪ್ಪಟೆಯಾಗಿರುವುದಿಲ್ಲವಲ್ಲ.

ಮೂರು ಸುತ್ತು ಬಿಚ್ಚಿದೆ. ಎಳೆದರೆ ಬರುವ ಹೊಲಿಗೆಯಲ್ಲ ಇದು. ಜಡೆಯ ಸಂದಿಯಲ್ಲಿ ಅಡಗಿದ ದಾರವನ್ನು ಸೂಜಿಮೊನೆಯಿಂದ ಎಬ್ಬಿಸಿ, ಬಟ್ಟೆಗೆ ಕತ್ತರಿ ತಾಗದಂತೆ ಒಂದೊಂದಾಗಿ ಕತ್ತರಿಸಬೇಕು. ಎರಡನೇ ಸಲ ಹೆದರಿ ಸಿಕ್ಕಾಪಟ್ಟೆ ಸಡಿಲ ಬಿಟ್ಟೆ. ಅಂಚೆಲ್ಲ ಲಂಗದ ನೆರಿಗೆ. ಮತ್ತೆ ಬಿಚ್ಚಿದೆ. ಮೂರನೇ ಸಲ ಮೇಜಿನ ಮೇಲೆ ಚಪ್ಪಟೆ ಹಾಸಿ, ಒಳಸುತ್ತುಗಳಲ್ಲಿ ಮೂರು ನಾಲ್ಕು ಕಣ್ಣಿಗೊಮ್ಮೆ, ಹೊರಗೆ ಹೋದಂತೆ ಏಳೆಂಟು ಕಣ್ಣಿಗೊಮ್ಮೆ, ಹೊರಜಡೆಯ ಒಂದು ಕಣ್ಣನ್ನು ಹೊಲಿಯದೆ ಹಾರಿಸುತ್ತಾ ಹೋದೆ. ಪ್ರತಿ ಸುತ್ತು ಮುಗಿದಾಗ ಅಂಗೈಯಿಂದ ಸವರಿ ನೋಡಿದೆ. ಈಗ ಚಪ್ಪಟೆಯಾಗಿ ಕೂತಿದೆ, ಗಟ್ಟಿಯಾಗಿದೆ, ತೊಳೆದರೂ ಅಲುಗುವುದಿಲ್ಲ. ಗಟ್ಟಿತನ ಒಂದನ್ನೇ ನೋಡುವವರಿಗೆ ಮೂರರಲ್ಲಿ ಇದೇ ಮೇಲು. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ನಿಘಂಟು ನೆನಪಾಗುತ್ತದೆ.

ಕ್ರೋಶಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರರಲ್ಲಿ ಇದೇ ಬೇಗ. ಮೂರು ಸಂಜೆಗೆ ಮುಗಿಯಿತು. ಟೀ ಶರ್ಟಿನ ಕಂಕುಳಿನ ಕೆಳಗಿನ ಕೊಳವೆ ಭಾಗವನ್ನು ಒಂದು ಬದಿಯಲ್ಲಿ ಮೂರು ಸೆಂ.ಮೀ. ಬಿಟ್ಟು ಅಡ್ಡಡ್ಡ ಕತ್ತರಿಸಿ, ಆ ಬಿಟ್ಟ ಜಾಗದಲ್ಲಿ ಓರೆಯಾಗಿ ಒಂದರಿಂದ ಮುಂದಿನದಕ್ಕೆ ಕತ್ತರಿ ಓಡಿಸಿದರೆ ಕೊಳವೆಯಿಡೀ ಒಂದೇ ಉದ್ದ ಪಟ್ಟಿಯಾಗುತ್ತದೆ. ಒಂದು ಮೀಟರ್ ಸುತ್ತಳತೆ, 45 ಸೆಂ.ಮೀ. ಉದ್ದದ ಕೊಳವೆಯಲ್ಲಿ 2.5 ಸೆಂ.ಮೀ. ಅಗಲಕ್ಕೆ ಸುಮಾರು 18 ಮೀಟರ್. ಎಳೆದು ಬಿಟ್ಟರೆ ಅಂಚುಗಳು ಒಳಕ್ಕೆ ಸುರುಳಿಯಾಗಿ ದುಂಡನೆಯ ಹುರಿಯಂತಾಗುತ್ತವೆ. ಎದೆಯ ಮೇಲೆ ಚಿತ್ರ ಅಚ್ಚಾದ ಕಡೆ ಮಾತ್ರ ಸುರುಳಿಯಾಗದು, ಆ ಭಾಗ ತೆಗೆದಿಡಿ. ನೋಡಲು ಚೆಂದ ಬಂತು. ಆದರೆ 12 ಮಿ.ಮೀ. ಕಡ್ಡಿಯಲ್ಲಿ ಆ ದಪ್ಪ ಹುರಿಯನ್ನು ಎಳೆದೆಳೆದು ಮಣಿಕಟ್ಟು ನೋವು ಒಂದು ವಾರ ಬಿಡಲಿಲ್ಲ. ಕಣ್ಣುಗಳ ನಡುವೆ ಒಳಗಿನ ಬಿಳಿ ದಿಂಬು ಇಣುಕುತ್ತಿತ್ತು, ಅದಕ್ಕೊಂದು ಕಪ್ಪು ಹೊದಿಕೆ ಬೇರೆ ಹೊಲಿದೆ. ಒದ್ದೆಯಾದರೆ ಕಲ್ಲಿನ ಭಾರ.

ಇನ್ನು ಗೋಣಿ. ಇದೂ ಶುರುವಾದದ್ದು ಒಂದು ಎಡವಟ್ಟಿನಿಂದಲೇ. ರಗ್ ಹುಕ್ ಅಂತ ಹುಡುಕಿ ಮೊದಲು ಕಂಡದ್ದನ್ನು ತರಿಸಿದೆ. ಬಂದದ್ದು ಲ್ಯಾಚ್ ಹುಕ್, ಅಂದರೆ ತುದಿಯಲ್ಲಿ ತೆರೆದು ಮುಚ್ಚುವ ಪುಟ್ಟ ನಾಲಿಗೆ ಇರುವಂಥದ್ದು. ದೊಡ್ಡ ಕಣ್ಣಿನ ಜಾಲರಿಗೆ ಉಣ್ಣೆಯ ತುಂಡುಗಳನ್ನು ಗಂಟು ಹಾಕಲು ಅದು ಸರಿ. ಗೋಣಿಯಲ್ಲಿ ಆ ನಾಲಿಗೆ ಸೆಣಬಿನ ಎಳೆಗೆ ಸಿಕ್ಕಿಕೊಂಡು, ಪಟ್ಟಿಯ ಜೊತೆ ಎಳೆಯನ್ನೂ ಕಿತ್ತು ತಂದಿತು. ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಬೇಕಾದದ್ದು ಮರದ ಹಿಡಿ, ಬಾಗಿದ ತುದಿ, ಬೇರೆ ಯಾವ ಸರ್ಕಸ್ಸೂ ಇಲ್ಲದ ಹುಕ್. ಅದು ಬಂದ ದಿನದಿಂದ ಉಳಿದೆರಡು ವಿಧಾನಗಳ ಕಡೆ ನಾನು ತಿರುಗಿ ನೋಡಿಲ್ಲ.

60 ಸೆಂ.ಮೀ. ಚೌಕದ ಗೋಣಿಬಟ್ಟೆ ಕತ್ತರಿಸಿ, ಎಳೆ ಬಿಡದಂತೆ ಅಂಚು ಮಡಿಚಿ ಹೊಲಿದು, ಗಾಜು ಒಡೆದ ಫೋಟೋ ಫ್ರೇಮಿಗೆ ಬಿಗಿದೆ. ಎಡಗೈ ಗೋಣಿಯ ಕೆಳಗೆ ಪಟ್ಟಿ ಹಿಡಿದಿರುತ್ತದೆ, ಬಲಗೈಯ ಹುಕ್ ತೂತಿನಿಂದ ಇಳಿದು ಅದನ್ನು ಒಂದು ಸೆಂ.ಮೀ. ಎತ್ತರಕ್ಕೆ ಮೇಲೆಳೆಯುತ್ತದೆ. ಎರಡು ಎಳೆ ಬಿಟ್ಟು ಮತ್ತೊಂದು ಕುಣಿಕೆ. ಗಂಟಿಲ್ಲ, ಹೊಲಿಗೆಯಿಲ್ಲ; ಪಕ್ಕಪಕ್ಕದ ಕುಣಿಕೆಗಳು ಒತ್ತೊತ್ತಾಗಿ ಕೂತು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಪಟ್ಟಿಯ ತುದಿಗಳನ್ನೂ ಮೇಲಕ್ಕೇ ಎಳೆದು ಕುಣಿಕೆಗಳ ಮಟ್ಟಕ್ಕೆ ಕತ್ತರಿಸಿಬಿಡುವುದು. ತಪ್ಪಿದರೆ ಪಟ್ಟಿಯನ್ನು ಹಿಂದಿನಿಂದ ಎಳೆದರೆ ಸಾಕು, ಸರ್ರನೆ ಬಿಚ್ಚಿಕೊಳ್ಳುತ್ತದೆ. ಜಡೆ ಬಿಚ್ಚಿ ಬಂದವಳಿಗೆ ಆ ಸರ್ರನೆಯ ಸದ್ದು ಎಷ್ಟು ಹಿತ ಅಂತ ಹೇಗೆ ಹೇಳಲಿ.

ಬಟ್ಟೆ ಮಾತ್ರ ಧಾರಾಳ ತಿನ್ನುತ್ತದೆ. ತುಂಬಿಸಬೇಕಾದ ಜಾಗದ ಮೇಲೆ ಬಟ್ಟೆಯನ್ನು ನಾಲ್ಕು ಪದರ ಹಾಸುವಷ್ಟಿದ್ದರೆ ಸಾಲುತ್ತದೆ ಎನ್ನುವುದು ಕನಿಷ್ಠ ಲೆಕ್ಕ. ಐದು ಪದರದಷ್ಟು ಇಟ್ಟುಕೊಂಡರೆ ನೆಮ್ಮದಿ. ಅಚ್ಚರಿ ತಂದದ್ದು ಲೆಗಿಂಗ್ಸು. ಹಿಗ್ಗುವ ಬಟ್ಟೆ ತೂತಿನಲ್ಲಿ ಸಣ್ಣಗಾಗಿ ನುಸುಳಿ ಮೇಲೆ ಬಂದು ಅರಳುತ್ತದೆ, ಅದರ ಕುಣಿಕೆ ನಯವಾಗಿ, ಒತ್ತಾಗಿ ಕೂರುತ್ತದೆ. 1920ರ ದಶಕದ ಕೊನೆಯ ಹೊತ್ತಿಗೆ ಈಗ ಕೆನಡಾಕ್ಕೆ ಸೇರಿರುವ ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್ ಕರಾವಳಿಯಲ್ಲಿ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಗ್ರೆನ್‌ಫೆಲ್ ಮಿಷನ್ ಎಂಬ ಸೇವಾಸಂಸ್ಥೆ ಹರಿದ ರೇಷ್ಮೆ ಕಾಲುಚೀಲಗಳನ್ನು ಬೇಡಿ ತರಿಸಿಕೊಂಡು, ಬಣ್ಣ ಹಾಕಿ, ಅಲ್ಲಿನ ಹೆಂಗಸರ ಕೈಯಲ್ಲಿ ಇದೇ ಹುಕ್ ಕೆಲಸದ ಚಾಪೆಗಳನ್ನು ಮಾಡಿಸುತ್ತಿತ್ತು. ಅವರು ಕಾಲುಚೀಲವನ್ನೇ ಏಕೆ ಕೇಳಿದರು ಎನ್ನುವುದು ಲೆಗಿಂಗ್ಸಿನ ಮೂರನೇ ಸಾಲಿಗೆ ಅರ್ಥವಾಯಿತು.

ಗೋಣಿ ಎಂದರೆ ಯಾವುದೋ ಹಳೆ ಚೀಲ ಸಾಕಲ್ಲವೇ ಅಂತ ಕೇಳಬಹುದು. ಉತ್ತರ ಅಮೆರಿಕದಲ್ಲಿ ಈ ಕೆಲಸ ಮನೆಮನೆಗೆ ಹಬ್ಬಿದ್ದೇ 19ನೇ ಶತಮಾನದ ನಡುಭಾಗದಲ್ಲಿ ಸೆಣಬಿನ ಖಾಲಿ ಚೀಲಗಳು ಕೈಗೆ ಸಿಗತೊಡಗಿದ ಮೇಲೆ. ನಾನೂ ಚೀಲದಲ್ಲೇ ಪ್ರಯತ್ನಿಸಿದೆ. ನೇಯ್ಗೆ ಸಡಿಲವಿದ್ದ ಕಡೆ ಕುಣಿಕೆ ಜಾರಿತು, ಮಡಿಕೆ ಬಿದ್ದಿದ್ದ ಕಡೆ ಎಳೆಯೇ ತುಂಡಾಯಿತು. ಹಾಗಾಗಿ ಗೋಣಿಬಟ್ಟೆಯನ್ನು ಹೊಸದಾಗಿ ಕೊಂಡೆ. ಮರುಬಳಕೆಯ ವ್ರತಕ್ಕೆ ಅಷ್ಟು ಭಂಗ. ಹೊಸತಕ್ಕೆ ಸೀಮೆಎಣ್ಣೆಯಂಥ ವಾಸನೆ ಇರುತ್ತದೆ, ಸೆಣಬನ್ನು ಮೆದು ಮಾಡಲು ಹಾಕುವ ಎಣ್ಣೆಯದು. ಎರಡು ಮೂರು ದಿನ ಗಾಳಿಗೆ ಹರವಿದರೆ ಹೋಗುತ್ತದೆ.

ಹಿಂಬದಿಗೆ ಬೆಡ್‌ಶೀಟಿನ ಎರಡು ತುಂಡು, ನಡುವೆ 10 ಸೆಂ.ಮೀ. ಒಂದರ ಮೇಲೊಂದು. ಜಿಪ್ ಬೇಡ. ಕುಣಿಕೆಗಳ ದಪ್ಪಕ್ಕೆ ಮಷೀನಿನ ಪಾದ ಏಳುವುದಿಲ್ಲ, ದಬ್ಬಳದಲ್ಲಿ ಕೈಹೊಲಿಗೆಯೇ ಗತಿ. ಕೊನೆಯ ಸಾಲು ಕುಣಿಕೆಗೆ ಅಂಟಿಕೊಂಡಂತೆ ಹೊಲಿಯಿರಿ, ಇಲ್ಲದಿದ್ದರೆ ತಿರುಗಿಸಿದಾಗ ಗೋಣಿ ಹಲ್ಲು ಕಿರಿಯುತ್ತದೆ.

ಗೋಣಿಯ ಕೊರತೆ ತೊಳೆಯುವಾಗ ಗೊತ್ತಾಗುತ್ತದೆ. ಸೆಣಬು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ನೆನೆಸಿಡುವುದು, ಮಷೀನಿಗೆ ಹಾಕುವುದು ನಡೆಯದು. ನಾನು ಕೊಡವುತ್ತೇನೆ, ಕಲೆಯಾದ ಕಡೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ದಿನಾ ಏನಾದರೂ ಚೆಲ್ಲುವ ಪುಟ್ಟ ಮಕ್ಕಳಿರುವ ಮನೆಯಾದರೆ ನನ್ನ ಮಾತು ಕೇಳಬೇಡಿ, ಮೇಜಿನ ಮೇಲೆ ಹಾಸಿಕೊಂಡು ಜಡೆ ಹೊಲಿಯಿರಿ.

ಬಣ್ಣ ಬಿಡುವ ಬಟ್ಟೆಯನ್ನು ಮೂರರಲ್ಲಿ ಯಾವುದಕ್ಕೂ ಹಾಕಬೇಡಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದರೆ ಗೊತ್ತಾಗುತ್ತದೆ.

ನನಗೆ ಸಿಗುವುದು ರಾತ್ರಿ ಅರ್ಧ ಗಂಟೆ, ಅದೂ ಟಿ.ವಿ. ಮುಂದೆ. ಜಡೆಗೆ ಮೇಜು ಬೇಕು, ಕ್ರೋಶಾಗೆ ಮಣಿಕಟ್ಟು ಬೇಕು. ಗೋಣಿಯ ಫ್ರೇಮನ್ನು ಮೊಣಕಾಲಿಗೆ ಆನಿಸಿಕೊಂಡು, ಯಾವ ಕುಣಿಕೆಯಲ್ಲಿ ಬೇಕಾದರೂ ನಿಲ್ಲಿಸಿ ಎದ್ದು ಹೋಗಬಹುದು. ಖರ್ಚೆಂದರೆ ಎರಡನೇ ಹುಕ್ಕು, ಒಂದಿಷ್ಟು ಗೋಣಿಬಟ್ಟೆ. ಮೊದಲ ಹುಕ್ಕನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಸದ್ಯ ಫ್ರೇಮಿನ ಮೇಲೆ ಇನ್ನೊಂದು ಗೋಣಿ ಕುಷನ್ ಅರ್ಧಕ್ಕೆ ನಿಂತಿದೆ, ಕೆಂಪು ಮುಗಿದಿದೆ. ನಮ್ಮನೆಯವರ ಹತ್ತಿರ ಒಂದು ಒಳ್ಳೆಯ ಕೆಂಪು ಟೀ ಶರ್ಟಿದೆ. ಅದರ ಕೊರಳು ಇನ್ನೂ ಸಡಿಲವಾಗಿಲ್ಲ, ಕಾಯುತ್ತಿದ್ದೇನೆ.