ಪಿಸಿ ರಿಪೇರಿಯ ಕೈಸಲಕರಣೆಗಳು: ಬಹುಕಾಲ ಬಳಸಿದ ಮೇಲೆ ಬ್ಯಾಗಿನಲ್ಲಿ ಉಳಿದವು

ಪಿಸಿ ಅಸೆಂಬಲ್ ಮಾಡೋಕೆ ಯಾವ ಕಿಟ್ ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಇಷ್ಟೇ: ಸದ್ಯಕ್ಕೆ ಕಿಟ್ ಬೇಡ, ಒಂದು ಒಳ್ಳೆಯ ಪಿಎಚ್2 ಸ್ಕ್ರೂಡ್ರೈವರ್ ತಗೊಳ್ಳಿ. ಪಿಎಚ್ ಅಂದರೆ ಪ್ಲಸ್ ಆಕಾರದ ಫಿಲಿಪ್ಸ್ ತುದಿ, ಪಕ್ಕದ ಅಂಕಿ ಅದರ ಸೈಜು: 2ಕ್ಕಿಂತ 1 ಚಿಕ್ಕದು, 0 ಇನ್ನೂ ಚಿಕ್ಕದು, 00 ಅದಕ್ಕಿಂತಲೂ ಚಿಕ್ಕದು. ರಾಜಾಜಿನಗರದ ಮನೆಗಳು, ಟ್ಯೂಷನ್ ಸೆಂಟರ್‌ಗಳು, ಪೀಣ್ಯದ ಸಣ್ಣಪುಟ್ಟ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದೇ ನನ್ನ ಕಸುಬು. ನೂರು ಬಿಟ್‌ಗಳ (ಬದಲಿಸಬಲ್ಲ ತುದಿಗಳ) ಡಬ್ಬಿಗಳು ನನ್ನ ಕೈಗೆ ಬಂದು ಹೋಗಿವೆ. ಉಳಿದುಕೊಂಡಿದ್ದು ಬೆರಳೆಣಿಕೆಯ ಸಾಮಾನು.

ಡೆಸ್ಕ್‌ಟಾಪ್‌ನ ಮುಕ್ಕಾಲು ಕೆಲಸ 6-32 ಅನ್ನುವ ಇಂಚಿನ ಅಳತೆಯ ದಪ್ಪ ಸ್ಕ್ರೂಗಳದ್ದು. ಕ್ಯಾಬಿನೆಟ್‌ನ ಪಕ್ಕದ ಪ್ಯಾನೆಲ್, ಪವರ್ ಸಪ್ಲೈ, 3.5 ಇಂಚಿನ ಹಾರ್ಡ್ ಡಿಸ್ಕ್, ಎಲ್ಲಕ್ಕೂ ಅದೇ, ಪಿಎಚ್2 ಸಾಕು. 2.5 ಇಂಚಿನ ಎಸ್‌ಎಸ್‌ಡಿಗೆ (ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಎಂ3, ಅಂದರೆ 3 ಮಿಲಿಮೀಟರ್ ದಪ್ಪದ ಸ್ಕ್ರೂ, ಅಲ್ಲಿ ಪಿಎಚ್1 ಚೆನ್ನಾಗಿ ಕೂರುತ್ತೆ. ಈ ಎರಡು ಸೈಜಿಗೆ ನಾನು ಬಳಸುತ್ತಿರುವುದು ತಪಾರಿಯಾ ಕಂಪನಿಯವು, ಬಿಡಿಯಾಗಿ ಕೊಂಡಿದ್ದು. ತುದಿ ಇವತ್ತಿಗೂ ಚೂಪಾಗಿದೆ, ಹಿಡಿ ಅಲುಗಾಡಿಲ್ಲ. ಪಿಎಚ್2 ಮಾತ್ರ 150 ಮಿಲಿಮೀಟರ್ ಉದ್ದದ್ದೇ ಇರಲಿ. ಪ್ರೊಸೆಸರ್ ತಂಪಾಗಿಸುವ ಎತ್ತರದ ಟವರ್ ಕೂಲರ್ ಬಿಚ್ಚುವಾಗ ಸ್ಕ್ರೂ ಅದರ ಫಿನ್‌ಗಳ (ಲೋಹದ ತೆಳು ರೆಕ್ಕೆಗಳ) ಕೆಳಗೆ ಆಳದಲ್ಲಿ ಇರುತ್ತೆ. ಗಿಡ್ಡ ಡ್ರೈವರ್ ಇಟ್ಟುಕೊಂಡರೆ ಕೈ ಫ್ಯಾನಿಗೆ ತಾಗುತ್ತೆ, ತುದಿ ಓರೆಯಾಗುತ್ತೆ, ಸ್ಕ್ರೂ ತಲೆ ಹಾಳಾಗುತ್ತೆ.

ನಿಜವಾದ ಪರೀಕ್ಷೆ ಎಂ.2 ಎಸ್‌ಎಸ್‌ಡಿಯ (ಮದರ್‌ಬೋರ್ಡ್ ಮೇಲೇ ಕೂರುವ ಪಟ್ಟಿಯಂಥ ಡ್ರೈವ್) ಸ್ಕ್ರೂನಲ್ಲಿ. ಅದು ಎಂ2 ಅಳತೆಯ, ಅಂದರೆ 2 ಮಿಲಿಮೀಟರ್ ದಪ್ಪದ, ಅಕ್ಕಿಕಾಳಿನಷ್ಟು ಸ್ಕ್ರೂ. ಪಿಎಚ್00 ಹಾಕಿದರೂ ಸುತ್ತಿದಂತೆ ಅನಿಸುತ್ತೆ, ಆದರೆ ತುದಿ ಗುಂಡಿಯೊಳಗೆ ಸಣ್ಣಗೆ ಅಲ್ಲಾಡುತ್ತಿರುತ್ತೆ. ಸ್ವಲ್ಪ ಬಿಗಿಯಾಗಿದ್ದರೆ ಸಾಕು, ತುದಿ ಮೇಲಕ್ಕೆ ಜಾರಿ ಅಡ್ಡಗೀಟಿನ ಅಂಚು ಕೆರೆದು ಬೆಳ್ಳಗಾಗುತ್ತೆ. ಎರಡು ಸಲ ಹೀಗಾದರೆ ಆ ಸ್ಕ್ರೂ ಕಥೆ ಮುಗಿಯಿತು. ಪಿಎಚ್0 ಇಟ್ಟು ನೋಡಿ: ತುದಿ ತಳಕ್ಕೆ ಹೋಗಿ ಕಚ್ಚಿಕೊಳ್ಳುತ್ತೆ, ಕೈ ಬಿಟ್ಟರೂ ಡ್ರೈವರ್ ನೆಟ್ಟಗೆ ನಿಲ್ಲುತ್ತೆ. ಇಷ್ಟು ಚಿಕ್ಕ ತುದಿಯಲ್ಲಿ ಸ್ಟೀಲ್ ಮೆತ್ತಗಿದ್ದರೆ ಏನು ಮಾಡಿದರೂ ಉಪಯೋಗವಿಲ್ಲ. ಅದಕ್ಕೇ ಸಣ್ಣ ಬಿಟ್‌ಗಳನ್ನು ಗಟ್ಟಿಯಾದ ಎಸ್2 ಸ್ಟೀಲಿನವೇ ನೋಡಿ ತಗೊಳ್ಳುತ್ತೇನೆ. ಅಗ್ಗದ ಡಬ್ಬಿಯೊಂದರ ಮೇಲೆ ಕ್ರೋಮ್ ವೆನೇಡಿಯಂ (ಇನ್ನೊಂದು ಬಗೆಯ ಸ್ಟೀಲ್) ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಕೆಲವೇ ಲ್ಯಾಪ್‌ಟಾಪ್ ಬಿಚ್ಚುವಷ್ಟರಲ್ಲಿ ಅದರ ಪಿಎಚ್0 ತುದಿ ದುಂಡಗಾಯಿತು.

ಲ್ಯಾಪ್‌ಟಾಪ್ ಕೆಲಸ ನಿಯಮಿತವಾಗಿ ಬರುತ್ತಿದ್ದರೆ ಮಾತ್ರ ಕಿಟ್‌ಗೆ ದುಡ್ಡು ಹಾಕಿ. ನನ್ನದು ಐಫಿಕ್ಸಿಟ್ ಕಂಪನಿಯ ಮಾಕೋ ಕಿಟ್, 4 ಮಿಲಿಮೀಟರ್ ಬುಡದ 64 ಬಿಟ್‌ಗಳದ್ದು. ಮ್ಯಾಕ್‌ಬುಕ್‌ನ ಕೆಳಮುಚ್ಚಳದ ಪಿ5 ಪೆಂಟಲೋಬ್ (ಐದು ಎಸಳಿನ ತುದಿ), ಒಳಗಿನ ಟಾರ್ಕ್ಸ್ (ಆರು ಮೂಲೆಯ ತುದಿ), ಎಲ್ಲ ಇದರಲ್ಲೇ ಸಿಗುತ್ತೆ. ಬೆಲೆ ಜಾಸ್ತಿ, ಒಪ್ಪುತ್ತೇನೆ. ಅರ್ಧಕ್ಕರ್ಧ ಬಿಟ್ ಇನ್ನೂ ಹೊಸದಾಗೇ ಇವೆ, ಅದೂ ನಿಜ. ಆದರೆ ದಿನಾ ಬಳಸುವ ಬಿಟ್‌ಗಳು ಸವೆದಿಲ್ಲ, ಹಿಡಿಯ ಮೇಲಿನ ತಿರುಗುವ ಟೋಪಿ ಇವತ್ತಿಗೂ ಸಲೀಸಾಗಿ ತಿರುಗುತ್ತೆ.

ಅಂಗಡಿಯಲ್ಲಿ ಕೈಗೆ ಹಿತವಾಗಿರುವ ಮೆತ್ತನೆ ರಬ್ಬರ್ ಹಿಡಿಗೆ ಮರುಳಾಗಬೇಡಿ. ಒಂದೆರಡು ಮಳೆಗಾಲ ಕಳೆದ ಮೇಲೆ ಅಗ್ಗದ ರಬ್ಬರ್ ಅಂಟಂಟಾಗುತ್ತೆ. ಬ್ಯಾಗಿನ ಧೂಳು, ನೂಲು ಎಲ್ಲ ಹತ್ತಿಕೊಂಡು ಹಿಡಿಯೋಕೇ ಮನಸ್ಸಾಗಲ್ಲ. ಗಟ್ಟಿ ಪ್ಲಾಸ್ಟಿಕ್ ಹಿಡಿ ನೋಡೋಕೆ ಸಾದಾ, ಬಾಳಿಕೆ ಮಾತ್ರ ಜೋರು.

ಸ್ಕ್ರೂಡ್ರೈವರ್ ತುದಿಯಲ್ಲಿ ಅಯಸ್ಕಾಂತ ಇದ್ದರೆ ಡೇಟಾ ಹೋಗುತ್ತೆ ಅನ್ನುವ ಭಯ ಇನ್ನೂ ಹಲವರಿಗಿದೆ. ಎಸ್‌ಎಸ್‌ಡಿಯಲ್ಲಿ ಡೇಟಾ ಕಾಂತೀಯವಾಗಿ ಕೂತಿರುವುದೇ ಇಲ್ಲ. ಹಾರ್ಡ್ ಡಿಸ್ಕ್ ಒಳಗೋ, ಡೇಟಾ ಓದುವ ಹೆಡ್ ಓಡಾಡಿಸೋಕೆ ಸ್ಕ್ರೂಡ್ರೈವರ್‌ಗಿಂತ ಎಷ್ಟೋ ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳೇ ಇರುತ್ತವೆ. ಹಾಗಾಗಿ ಅಯಸ್ಕಾಂತದ ತುದಿ ಇರಲಿ, ಸ್ಕ್ರೂ ಬೀಳದಂತೆ ಹಿಡಿದುಕೊಳ್ಳುತ್ತೆ. ಮದರ್‌ಬೋರ್ಡ್ ಮೇಲೆ ಬಿದ್ದ ಸ್ಕ್ರೂ ಶಾರ್ಟ್ ಮಾಡುವುದೇ ದೊಡ್ಡ ಅಪಾಯ. ಕಾಂತಶಕ್ತಿ ಕಡಿಮೆಯಾದರೆ ಮ್ಯಾಗ್ನಟೈಸರ್ ಅಂತ ಪುಟ್ಟ ಪ್ಲಾಸ್ಟಿಕ್ ಚೌಕ ಸಿಗುತ್ತೆ, ಅದರ ರಂಧ್ರದಲ್ಲಿ ತೂರಿಸಿ ತೆಗೆದರೆ ಮತ್ತೆ ಬರುತ್ತೆ.

ಮೈಮೇಲಿನ ಸ್ಥಿರವಿದ್ಯುತ್ ಬಿಡಿಭಾಗಗಳನ್ನು ಕೆಡಿಸದಂತೆ ಮಣಿಕಟ್ಟಿಗೆ ಕಟ್ಟುವ ಆಂಟಿಸ್ಟ್ಯಾಟಿಕ್ ಪಟ್ಟಿಗೆ ತಂತಿ ಇರಲೇಬೇಕು. ವೈರ್‌ಲೆಸ್ ಪಟ್ಟಿ ಅಂತ ಮಾರುವುದು ಶುದ್ಧ ದಂಡ, ಚಾರ್ಜ್ ಹರಿದು ಹೋಗೋಕೆ ದಾರಿಯೇ ಇಲ್ಲದ ಮೇಲೆ ಏನು ಪ್ರಯೋಜನ? ತಂತಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ 1 ಮೆಗಾಓಮ್ ರೆಸಿಸ್ಟರ್ ಇರುತ್ತೆ, ಅದು ನಿಮ್ಮ ಸುರಕ್ಷತೆಗೆ. ಕ್ಲಿಪ್ಪನ್ನು ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಲೋಹಕ್ಕೆ ಹಾಕಿ.

ಟ್ವೀಜರ್, ಕೇಬಲ್ ಟೈ ಕತ್ತರಿಸೋ ನಿಪ್ಪರ್, ಪ್ಲಾಸ್ಟಿಕ್ ಓಪನರ್, ಇವು ಯಾವ ಕಂಪನಿಯದಾದರೂ ನಡೆಯುತ್ತೆ. ನಿಪ್ಪರ್ ಮಾತ್ರ ಟೈಯನ್ನು ಬುಡಕ್ಕೆ ಸಮನಾಗಿ ಕತ್ತರಿಸುವಂತಿರಲಿ, ಇಲ್ಲದಿದ್ದರೆ ಉಳಿದ ಮೊನೆ ಮುಂದಿನ ಸಲ ಕೈ ಗೀರುತ್ತೆ.

ಕೊಳ್ಳೋಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿಗೆ ಹೋಗಿ, ಆನ್‌ಲೈನ್‌ನಲ್ಲಿ ತುದಿ ಪರೀಕ್ಷಿಸಲಾಗಲ್ಲ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಜೇಬಿನಲ್ಲಿ ಒಂದು 6-32, ಒಂದು ಎಂ2 ಸ್ಕ್ರೂ ಇಟ್ಟುಕೊಂಡಿರಿ. ಬರೀ ಸ್ಟಾರ್ (ಪ್ಲಸ್ ತುದಿಯದಕ್ಕೆ ಅಂಗಡಿಯ ಹೆಸರು) ಕೊಡಿ ಅಂದರೆ ಯಾವ ಸೈಜಾದರೂ ಕೊಟ್ಟಾರು, ನಂಬರ್ ಹೇಳಿ ಕೇಳಿ. ತುದಿಗೆ ಸ್ಕ್ರೂ ಸಿಕ್ಕಿಸಿ ಬೆರಳಿಂದ ಅಲ್ಲಾಡಿಸಿ. ಸಡಿಲ ಅನಿಸಿದರೆ ಬೇರೆ ತೋರಿಸಿ ಅನ್ನಿ. ಭಾನುವಾರ ಬೇಡ, ಬಹುತೇಕ ಅಂಗಡಿ ಮುಚ್ಚಿರುತ್ತವೆ.